ಬಂಡೀಪುರ, ನಾಗರಹೊಳೆ ಕಡೆ ಕಾರಲ್ಲಿ ಹೊರಡುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು ಕಡೆಯಿಂದ ಕಾಡು ನೋಡಬೇಕು ಅಂತ ಹೊರಡುವವರು ಹೆಚ್ಚಾಗಿ ಹಿಡಿಯುವ ದಾರಿ ಒಂದೇ. ಮೈಸೂರು ದಾಟಿ ಗುಂಡ್ಲುಪೇಟೆ ಮೇಲೆ ಬಂಡೀಪುರ, ಇಲ್ಲವೇ ಹೆಗ್ಗಡದೇವನಕೋಟೆ ಮೇಲೆ ಕಬಿನಿ, ಇಲ್ಲವೇ ಹುಣಸೂರಿನ ಮೇಲೆ ನಾಗರಹೊಳೆ. ಈ ದಾರಿ ಬಗ್ಗೆ ನೆಂಟರು, ಸ್ನೇಹಿತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಪ್ಲಾನ್ ಮಾಡುವಾಗ ಮೊದಲು ಗೇಟ್ ಎಷ್ಟು ಹೊತ್ತಿಗೆ ತೆಗೆಯುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ನೋಡಿ. ರೂಮು, ಊಟ, ಸಫಾರಿ ಎಲ್ಲವೂ ಅದರ ಹಿಂದೆ ಬರಲಿ.

ಎಷ್ಟು ದಿನ ಇಟ್ಟುಕೊಂಡು ಹೋಗಬೇಕು?

ಒಂದು ಕಾಡಿಗೆ ಎರಡು ರಾತ್ರಿ. ಇದು ಕಮ್ಮಿ ಅಲ್ಲ, ಜಾಸ್ತಿಯೂ ಅಲ್ಲ. ಶನಿವಾರ ಹೊರಟು ಭಾನುವಾರ ವಾಪಸ್ ಅಂದರೆ ಒಂದೋ ಎರಡೋ ಸಫಾರಿ ಸಿಗುತ್ತದೆ, ಉಳಿದದ್ದೆಲ್ಲ ರಸ್ತೆಯಲ್ಲೇ ಕಳೆಯುತ್ತದೆ.

ಮೂರು ದಿನದಲ್ಲಿ ಬಂಡೀಪುರ, ಕಬಿನಿ, ನಾಗರಹೊಳೆ, ಕೂರ್ಗ್ ಎಲ್ಲ ಮುಗಿಸುತ್ತೇವೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ದಿನಾ ಬೆಳಿಗ್ಗೆ ಪೆಟ್ಟಿಗೆ ಕಟ್ಟಬೇಕು, ದಿನಾ ಮಧ್ಯಾಹ್ನ ಚೆಕ್-ಇನ್‌ಗೆ ಓಡಬೇಕು. ಕಾಡಿನಲ್ಲಿ ಏನಾದರೂ ಕಾಣುವುದು ಬೆಳಿಗ್ಗೆ ಮತ್ತು ಸಂಜೆ. ಆ ಎರಡು ಹೊತ್ತನ್ನೇ ಹೆದ್ದಾರಿಯಲ್ಲಿ ಕಳೆದರೆ ಹೋಗಿದ್ದಕ್ಕೆ ಏನು ಪ್ರಯೋಜನ ಹೇಳಿ. ನಾಲ್ಕೈದು ದಿನ ರಜೆ ಇದ್ದರೆ ಎರಡು ಜಾಗ ಸಾಕು: ಗುಂಡ್ಲುಪೇಟೆ ಕಡೆ ಎರಡು ರಾತ್ರಿ, ಕಬಿನಿ ಅಥವಾ ನಾಗರಹೊಳೆಯ ಕೊಡಗಿನ ಬದಿಯ ಊರಾದ ಕುಟ್ಟದ ಕಡೆ ಎರಡು ರಾತ್ರಿ.

ಬೆಂಗಳೂರಿನಿಂದ ದಾರಿ ಹೇಗೆ? ಎಷ್ಟು ಹೊತ್ತು ಹಿಡಿಯುತ್ತದೆ?

ಬಂಡೀಪುರ ಸುಮಾರು 220 ಕಿ.ಮೀ. ಮೈಸೂರಿನ ತನಕ ಹೊಸ ಎಕ್ಸ್‌ಪ್ರೆಸ್‌ವೇ. ಅಲ್ಲಿಂದ ನಂಜನಗೂಡು, ಬೇಗೂರು, ಗುಂಡ್ಲುಪೇಟೆ. ಮೈಸೂರಿನಿಂದ ಗುಂಡ್ಲುಪೇಟೆ 60 ಕಿ.ಮೀ. ಆಸುಪಾಸು, ಅಲ್ಲಿಂದ ಬಂಡೀಪುರ ಇನ್ನೊಂದು 20. ತಿಂಡಿ, ಕಾಫಿ ಸೇರಿಸಿ ಐದು ಗಂಟೆ ಇಟ್ಟುಕೊಳ್ಳಿ. ಕಬಿನಿಗಾದರೆ ಮೈಸೂರಿನಿಂದ ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾರಿ. ನಾಗರಹೊಳೆಗೆ ಮೈಸೂರಿನಿಂದ ಹುಣಸೂರು, ಆಮೇಲೆ ವೀರನಹೊಸಹಳ್ಳಿ ಗೇಟ್.

ಎಕ್ಸ್‌ಪ್ರೆಸ್‌ವೇ ಮೇಲೆ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಕ್ಯಾಮೆರಾಗಳಿವೆ, ದಂಡದ ಮೆಸೇಜ್ ಸೀದಾ ಫೋನಿಗೇ ಬರುತ್ತದೆ.

ಬಂಡೀಪುರದಿಂದ ಕಬಿನಿಗೆ ಹೋಗುವವರು ಮತ್ತೆ ಮೈಸೂರಿಗೆ ಬರಬೇಕಾಗಿಲ್ಲ. ಗುಂಡ್ಲುಪೇಟೆ, ಬೇಗೂರು, ಸರಗೂರು ಮೇಲೆ ಹಳ್ಳಿ ರಸ್ತೆ ಇದೆ. ಕಾಡಿನ ಅಂಚಿಗೇ ಹೋಗುವ ದಾರಿ. ಹಗಲಲ್ಲೇ ಮುಗಿಸಿ.

ರಾತ್ರಿ ಕಾಡಿನ ರಸ್ತೆ ಮುಚ್ಚುತ್ತಾರಂತೆ, ಹೌದಾ?

ಹೌದು. ಪ್ಲಾನ್ ಕೆಡುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಂಡೀಪುರದ ಒಳಗೆ ಎರಡು ರಾಷ್ಟ್ರೀಯ ಹೆದ್ದಾರಿ ಹಾಯ್ದು ಹೋಗುತ್ತವೆ. ಒಂದು ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ, ಇನ್ನೊಂದು ಗುಂಡ್ಲುಪೇಟೆಯಿಂದ ಊಟಿ ಕಡೆಗೆ. ಎರಡೂ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. ಇದು ಶುರುವಾಗಿದ್ದು 2009ರಲ್ಲಿ, ಚಾಮರಾಜನಗರ ಜಿಲ್ಲಾಧಿಕಾರಿಯ ಆದೇಶದಿಂದ. ಮುಂದಿನ ವರ್ಷ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಬೆರಳೆಣಿಕೆಯ ಬಸ್ಸು ಬಿಟ್ಟರೆ ಬೇರೆ ಯಾರನ್ನೂ ಬಿಡುವುದಿಲ್ಲ.

ನಾಗರಹೊಳೆ ಕಡೆ ಇನ್ನೂ ಬೇಗ ಮುಚ್ಚುತ್ತಾರೆ. ಹೆಗ್ಗಡದೇವನಕೋಟೆ ಮೇಲೆ ಬಾವಲಿ ದಾಟಿ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಬಂದ್, ಮತ್ತೆ ತೆಗೆಯುವುದು ಬೆಳಿಗ್ಗೆ 6ಕ್ಕೆ. ವೀರನಹೊಸಹಳ್ಳಿಯಿಂದ ನಾಗರಹೊಳೆ ಮೂಲಕ ಕುಟ್ಟಕ್ಕೆ ಹೋಗುವ ಒಳದಾರಿಯೂ ಹಗಲಿಗೆ ಮಾತ್ರ. ರಾತ್ರಿ ಕುಟ್ಟ ಅಥವಾ ವಯನಾಡು ಮುಟ್ಟಲೇಬೇಕು ಅಂದರೆ ಹುಣಸೂರು, ತಿತಿಮತಿ, ಗೋಣಿಕೊಪ್ಪ ಮೇಲೆ ಸುತ್ತಿಕೊಂಡು ಹೋಗಬೇಕು.

ಮ್ಯಾಪ್ ತೋರಿಸುವ ಸಮಯ ನಂಬಿಕೊಂಡು ಗೇಟಿಗೆ ಎಂಟೂಮುಕ್ಕಾಲಿಗೆ ಬಂದು ನಿಲ್ಲುವವರು ತುಂಬಾ ಜನ. ನಂಜನಗೂಡಿನ ಹತ್ತಿರ ಒಂದು ಟೈರ್ ಪಂಕ್ಚರ್ ಆದರೆ ಲೆಕ್ಕವೆಲ್ಲ ತಲೆಕೆಳಗು. ಕಾಡಿನ ರಸ್ತೆಯನ್ನು ಸಂಜೆ 5ರೊಳಗೆ ದಾಟುವ ಹಾಗೆ ಹೊರಡಿ. ತಡವಾಯಿತಾ, ಗುಂಡ್ಲುಪೇಟೆಯಲ್ಲೇ ಒಂದು ರೂಮು ಹಿಡಿದು ಮಲಗಿ.

ಇದರಿಂದ ತೊಂದರೆ ಅಂತ ಬೈಯುವವರನ್ನೂ ನೋಡಿದ್ದೇನೆ. ಆದರೆ ರಾತ್ರಿ ಪೂರ್ತಿ ಲಾರಿ ಓಡುತ್ತಿದ್ದ ಕಾಲದಲ್ಲಿ ಜಿಂಕೆ, ಕಡವೆ, ಕಾಡುಬೆಕ್ಕು, ಹಾವು ಎಷ್ಟೋ ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವು. ದಿನಕ್ಕೆ ಒಂಬತ್ತು ಗಂಟೆ ರಸ್ತೆಯನ್ನು ಕಾಡಿಗೆ ಬಿಟ್ಟುಕೊಡುವುದು ನಮಗೆ ದೊಡ್ಡ ಕಷ್ಟವೇನಲ್ಲ.

ಯಾವ ತಿಂಗಳು ಒಳ್ಳೆಯದು?

ನೀವು ಏನು ನೋಡಬೇಕು ಅನ್ನುವುದರ ಮೇಲೆ ನಿಂತಿದೆ.

ಪ್ರಾಣಿ ನೋಡಬೇಕು ಅಂದರೆ ಮಾರ್ಚ್‌ನಿಂದ ಮೇ. ಆಗ ಬಿಸಿಲು ಜೋರು, ಮರಗಳು ಎಲೆ ಉದುರಿಸಿರುತ್ತವೆ, ಪೊದೆ ಒಣಗಿರುತ್ತದೆ, ಒಳಗಿನ ಕೆರೆಗಳಲ್ಲಿ ನೀರು ಕಮ್ಮಿ. ಹಾಗಾಗಿ ನೀರಿದ್ದ ಕಡೆಗೆ ಪ್ರಾಣಿಗಳು ಬರಲೇಬೇಕು. ಕಬಿನಿಯಲ್ಲಿ ಇದು ತುಂಬಾ ಚೆನ್ನಾಗಿ ಕಾಣುತ್ತದೆ. ಬೀಚನಹಳ್ಳಿಯ ಅಣೆಕಟ್ಟು ಮುಗಿದಿದ್ದು 1974ರಲ್ಲಿ. ಅದರ ಹಿನ್ನೀರು ಬಂಡೀಪುರ, ನಾಗರಹೊಳೆ ಎರಡರ ನಡುವೆ ಹರಡಿಕೊಂಡಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಹಾಗೆ ಆ ಬಯಲಿನಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಆ ಹುಲ್ಲಿಗೆ ಎರಡೂ ಕಡೆಯ ಆನೆ ಹಿಂಡುಗಳು ಇಳಿದು ಬರುತ್ತವೆ. ಮರಿಗಳನ್ನು ನಡುವೆ ಹಾಕಿಕೊಂಡು, ಹುಲ್ಲನ್ನು ಸೊಂಡಿಲಿಂದ ಕಿತ್ತು, ಬೇರಿನ ಮಣ್ಣನ್ನು ಮುಂಗಾಲಿಗೆ ಬಡಿದು ಉದುರಿಸಿ ಬಾಯಿಗೆ ಹಾಕಿಕೊಳ್ಳುವುದನ್ನು ದೋಣಿಯಲ್ಲಿ ಕೂತು ಎಷ್ಟು ಹೊತ್ತು ನೋಡಿದರೂ ಸಾಕಾಗುವುದಿಲ್ಲ.

ಹಸಿರು ನೋಡಬೇಕು ಅಂದರೆ ಜೂನ್‌ನಿಂದ ಅಕ್ಟೋಬರ್. ಪೊದೆ ದಟ್ಟವಾಗಿರುತ್ತದೆ, ಪ್ರಾಣಿ ಕಾಣುವುದು ಕಷ್ಟ. ಆದರೆ ಬಂಡೀಪುರದ ರಸ್ತೆಯ ಅಂದ ಆಗಲೇ. ಜುಲೈ ಹೊತ್ತಿಗೆ ಗುಂಡ್ಲುಪೇಟೆ ಸುತ್ತಮುತ್ತ ಸೂರ್ಯಕಾಂತಿ, ಚೆಂಡುಹೂವು ಅರಳಿ ನಿಂತಿರುತ್ತವೆ. ಮಳೆ ಜೋರಾದರೆ ಸಫಾರಿ ರದ್ದಾಗಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ನವೆಂಬರ್‌ನಿಂದ ಫೆಬ್ರವರಿ ಎರಡರ ನಡುವಿನದು. ಚಳಿ ಇರುತ್ತದೆ, ಬೆಳಗಿನ ಜೀಪಿನಲ್ಲಿ ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಡಿಸೆಂಬರ್ ಕೊನೆ ವಾರ ಮಾತ್ರ ಬೇಡ. ಜನ ಜಾತ್ರೆ ಥರ ಇರುತ್ತಾರೆ.

ಫೆಬ್ರವರಿಯಿಂದ ಮಳೆ ಬೀಳುವ ತನಕ ಬೆಂಕಿಯ ಭಯ ಇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋಯಿತು. ಒಣಗಿದ ಲಂಟಾನದ ಪೊದೆಗೆ ಒಂದು ಕಿಡಿ ಸಾಕು. ಕಾರಿನ ಕಿಟಕಿಯಿಂದ ಬೀಡಿ, ಸಿಗರೇಟು ಎಸೆಯುವವರು ನಿಮ್ಮ ಗಾಡಿಯಲ್ಲಿದ್ದರೆ ಗಟ್ಟಿಯಾಗಿ ಹೇಳಿ ನಿಲ್ಲಿಸಿ.

ಬಂಡೀಪುರ, ಕಬಿನಿ, ನಾಗರಹೊಳೆ: ಮೊದಲ ಸಲಕ್ಕೆ ಯಾವುದು?

ಕಬಿನಿ ಅಂದರೆ ಬೇರೆ ಕಾಡಲ್ಲ, ನಾಗರಹೊಳೆಯ ದಕ್ಷಿಣದ ಅಂಚು. ದುಡ್ಡು ಸ್ವಲ್ಪ ಜಾಸ್ತಿ ಖರ್ಚಾದರೂ ಪರವಾಗಿಲ್ಲ ಅಂದರೆ ಬೇಸಿಗೆಯಲ್ಲಿ ಕಬಿನಿ. ಜೀಪ್ ಸಫಾರಿ ಜೊತೆಗೆ ದೋಣಿಯೂ ಇರುತ್ತದೆ. ಕರಿಚಿರತೆ ಹುಡುಕಿಕೊಂಡು ಬರುವವರೂ ಇಲ್ಲಿಗೇ ಬರುತ್ತಾರೆ.

ಬಜೆಟ್ ಕಮ್ಮಿ, ಮನೆಮಂದಿಯೆಲ್ಲ ಬರುತ್ತಾರೆ ಅಂದರೆ ಬಂಡೀಪುರ. ರಸ್ತೆ ಚೆನ್ನಾಗಿದೆ, ಬಸ್ ಸಫಾರಿ ಇದೆ, ಗುಂಡ್ಲುಪೇಟೆ ಹತ್ತಿರವೇ ಇದೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಅದಕ್ಕೂ ಮುಂಚೆ ಮೈಸೂರು ಮಹಾರಾಜರ ಕಾಲದಲ್ಲಿ ಇದರ ಹೆಸರು ವೇಣುಗೋಪಾಲ ವನ್ಯಧಾಮ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು.

ಮರ ನೋಡುವವರಿಗೆ, ಮೌನ ಬೇಕಾದವರಿಗೆ ನಾಗರಹೊಳೆ. ತೇಗ, ಬೀಟೆ, ಮತ್ತಿ ಎತ್ತರಕ್ಕೆ ಬೆಳೆದಿವೆ. ನನಗೆ ಮೂರರಲ್ಲಿ ಇದೇ ಹೆಚ್ಚು ಇಷ್ಟ.

ಸಫಾರಿ ಬುಕಿಂಗ್ ಹೇಗೆ?

ಎರಡು ದಾರಿ. ಒಂದು, ಅರಣ್ಯ ಇಲಾಖೆಯ ಬಸ್ಸು, ಜೀಪು. ಬಂಡೀಪುರದ ಸಫಾರಿ ಕೌಂಟರ್ ಈಗ ಹೆದ್ದಾರಿಯ ಪಕ್ಕದ ಮೇಲುಕಾಮನಹಳ್ಳಿಯಲ್ಲಿದೆ, 2019ರಲ್ಲಿ ಅಲ್ಲಿಗೆ ತಂದರು. ಹಳೆಯ ನೆನಪಿನಲ್ಲಿ ಸೀದಾ ಬಂಡೀಪುರಕ್ಕೇ ಹೋಗಿ ಹುಡುಕಬೇಡಿ. ನಾಗರಹೊಳೆಗೆ ಮೂರು ಕಡೆಯಿಂದ ಹೋಗಬಹುದು: ಹುಣಸೂರು ಕಡೆ ವೀರನಹೊಸಹಳ್ಳಿ, ಕುಟ್ಟದ ಕಡೆ ನಾಣಚ್ಚಿ, ಕಬಿನಿ ಕಡೆ ಅಂತರಸಂತೆ ಹತ್ತಿರದ ದಮ್ಮನಕಟ್ಟೆ. ಇವು ಒಂದಕ್ಕೊಂದು ದೂರ. ಟಿಕೆಟ್ ಮೇಲೆ ಯಾವ ಗೇಟ್ ಅಂತ ಬರೆದಿದೆ ನೋಡಿ, ಅದರ ಹತ್ತಿರವೇ ರೂಮು ಮಾಡಿ.

ಇನ್ನೊಂದು, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್. ಬಂಡೀಪುರದಲ್ಲೂ ಕಬಿನಿಯ ಕಾರಾಪುರದಲ್ಲೂ ಇದೆ. ರೂಮು, ಊಟ, ಸಫಾರಿ ಎಲ್ಲ ಸೇರಿ ಒಂದೇ ದರ. ರೇಟು ಕೇಳಿದಾಗ ಜಾಸ್ತಿ ಅನಿಸುತ್ತದೆ, ಬಿಡಿಬಿಡಿಯಾಗಿ ಕೂಡಿಸಿ ನೋಡಿದರೆ ಅಷ್ಟು ವ್ಯತ್ಯಾಸ ಇರುವುದಿಲ್ಲ. ಉದ್ದ ಲೆನ್ಸಿನ ಕ್ಯಾಮೆರಾಗೆ ಬೇರೆ ಶುಲ್ಕ ಇರುತ್ತದೆ. ಬುಕ್ ಮಾಡಿದ ಹೆಸರಿನ ಗುರುತಿನ ಚೀಟಿ ಕೈಯಲ್ಲಿರಲಿ.

ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯಾ ಅಂತ ಫೋನ್ ಮಾಡಿ ಕೇಳಲೇಬೇಕು. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತು. ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಾಕಿದರು. ಹಳ್ಳಿಯಲ್ಲಿ ಸಾವಾಗಿರುವಾಗ ನಮ್ಮ ಟಿಕೆಟ್ ದೊಡ್ಡದಲ್ಲ. ಆದರೆ ರೂಮು ಬುಕ್ ಮಾಡುವಾಗ ರದ್ದಾದರೆ ದುಡ್ಡು ವಾಪಸ್ ಕೊಡುತ್ತಾರಾ ಅಂತ ಕೇಳಿಟ್ಟುಕೊಳ್ಳಿ.

ಹುಲಿ ಕಾಣುತ್ತಾ?

ಕಾಣಬಹುದು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ ಅಂತ ಅಂದಾಜು ಬಂತು. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ದೇಶದಲ್ಲೇ ಹುಲಿ ಜಾಸ್ತಿ ಇರುವ ಕಾಡುಗಳು ಇವು. ಆದರೂ ಸಫಾರಿಗೆ ಬಿಟ್ಟಿರುವುದು ಕಾಡಿನ ಸಣ್ಣ ಭಾಗ. ಉಳಿದ ಕಾಡಿನಲ್ಲಿ ಅವು ತಮ್ಮ ಪಾಡಿಗೆ ಇರುತ್ತವೆ, ಇರಲಿ.

ಹುಲಿ ಒಂದನ್ನೇ ಹುಡುಕಿಕೊಂಡು ಹೋದರೆ ಎರಡೂವರೆ ಗಂಟೆ ಬೇಜಾರಾಗುತ್ತದೆ. ಕಿವಿ ತೆರೆದು ಕೂತರೆ ಆಟವೇ ಬೇರೆ. ಒಳ್ಳೆಯ ಡ್ರೈವರ್ ಜೀಪನ್ನು ತಟ್ಟನೆ ನಿಲ್ಲಿಸಿ ಎಂಜಿನ್ ಆಫ್ ಮಾಡುತ್ತಾರೆ. ಮರದ ತುದಿಯಲ್ಲಿ ಮುಸುವ ಒಂದೇ ಕಡೆ ನೋಡುತ್ತಾ ಕೂತು ಗೊಗ್ಗರು ದನಿಯಲ್ಲಿ ಕೆಮ್ಮುತ್ತಿರುತ್ತದೆ. ಕೆಳಗೆ ಜಿಂಕೆಗಳು ಮೇಯುವುದು ಬಿಟ್ಟು ಬಾಲ ನೆಟ್ಟಗೆ ಎತ್ತಿ ನಿಂತಿರುತ್ತವೆ. ಅವುಗಳಲ್ಲಿ ಒಂದು ಮುಂಗಾಲನ್ನು ನಿಧಾನವಾಗಿ ಎತ್ತಿ ನೆಲಕ್ಕೆ ಕುಟ್ಟುತ್ತದೆ, ಮತ್ತೆ ಎತ್ತಿ ಕುಟ್ಟುತ್ತದೆ. ಎಲ್ಲದರ ಕಿವಿಯೂ ಒಂದೇ ಪೊದೆಯ ಕಡೆ. ಆಮೇಲೆ ಕಡವೆಯ ಕೂಗು ಕೇಳಿಸುತ್ತದೆ, ಒಮ್ಮೆ, ಮತ್ತೊಮ್ಮೆ. ಜಿಂಕೆ ಸುಮ್ನೆ ಹೆದರಿ ಕೂಗುವುದೂ ಉಂಟು, ಕಡವೆ ಕೂಗಿದರೆ ಮಾತ್ರ ಡ್ರೈವರ್‌ಗಳು ಮೈಯೆಲ್ಲ ಕಿವಿಯಾಗುತ್ತಾರೆ. ಹುಲಿ ಹೊರಗೆ ಬರಲಿ, ಬಿಡಲಿ, ಆ ಹತ್ತು ನಿಮಿಷ ಉಸಿರು ಬಿಗಿ ಹಿಡಿದಿರುತ್ತೀರಿ.

ಹುಲಿ ತೋರಿಸಿ ಅಂತ ಡ್ರೈವರ್‌ಗೆ ದುಂಬಾಲು ಬೀಳಬೇಡಿ, ಹೆಚ್ಚಿಗೆ ದುಡ್ಡಿನ ಆಸೆ ತೋರಿಸಬೇಡಿ. ಅದರಿಂದಲೇ ಜೀಪುಗಳು ಒಂದು ಪ್ರಾಣಿಯ ಸುತ್ತ ಮುತ್ತಿಗೆ ಹಾಕುವ ಹಾಗೆ ಆಗುತ್ತದೆ.

ಸ್ವಂತ ಕಾರಲ್ಲೇ ಸಫಾರಿ ಮಾಡಬಹುದಾ?

ಇಲ್ಲ. ನಿಮ್ಮ ಕಾರು ಸಾರ್ವಜನಿಕ ರಸ್ತೆ ಬಿಟ್ಟು ಒಳಗಿನ ದಾರಿಗೆ ಇಳಿದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಡ್ರೋನ್ ಹಾರಿಸುವುದೂ ಬೇಡ.

ದಾರಿಯಲ್ಲಿ ಆನೆ ಎದುರಾದರೆ ಏನು ಮಾಡಬೇಕು?

ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಲೈಟ್ ಹಾಯಿಸುವುದು ಬೇಡ, ಕಿಟಕಿ ಏರಿಸಿ, ಎಂಜಿನ್ ಆಫ್ ಮಾಡಬೇಡಿ. ಹಿಂದೆ ಇರುವ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ, ರಿವರ್ಸ್ ತೆಗೆಯಲು ಜಾಗ ಇರಲಿ. ಒಂದು ಆನೆ ದಾಟಿತು ಅಂತ ಹೊರಡಬೇಡಿ. ಹಿಂಡು ಇನ್ನೂ ಪೊದೆಯ ಮರೆಯಲ್ಲಿ ಇರುತ್ತದೆ, ಮರಿ ಹಿಂದೆ ಉಳಿದಿರುತ್ತದೆ. ನಡುವೆ ನುಗ್ಗಿದ ಕಾರಿನ ಮೇಲೆ ತಾಯಿ ಆನೆಗೆ ಸಿಟ್ಟು ಬಂದರೆ ತಪ್ಪು ಅದರದ್ದಲ್ಲ. ಕಿವಿ ಅಗಲಿಸಿ ತಲೆ ಒದರಿತು ಅಂದರೆ ನಿಧಾನವಾಗಿ ಹಿಂದೆ ಸರಿಯಿರಿ.

ಕಾರಿಂದ ಇಳಿಯುವ ಮಾತಂತೂ ಬೇಡವೇ ಬೇಡ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳದ ಹತ್ತಿರ ಒಬ್ಬರು ಸೆಲ್ಫಿ ತೆಗೆಯಲು ಇಳಿದರು. ಆನೆ ಅಟ್ಟಿಸಿಕೊಂಡು ಬಂದು ಕೆಡವಿತು, ಜೀವ ಉಳಿದಿದ್ದೇ ಪುಣ್ಯ. ಆಮೇಲೆ ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು. ಇಷ್ಟಾದರೂ ಕೋತಿಗೆ ಬಿಸ್ಕತ್ತು, ಆನೆಗೆ ಬಾಳೆಹಣ್ಣು ಎಸೆಯುವವರು ನಿಂತಿಲ್ಲ. ರಸ್ತೆ ಬದಿ ತಿಂಡಿ ಸಿಗುತ್ತದೆ ಅಂತ ಅಭ್ಯಾಸವಾದ ಆನೆ ನಾಳೆ ಲಾರಿ, ಬೈಕು ತಡೆಯುತ್ತದೆ. ಅದರ ಫಲ ಅನುಭವಿಸುವವರು ಆ ಊರಿನವರು.

ಎಲ್ಲಿ ಉಳಿದುಕೊಳ್ಳುವುದು?

ಊರಲ್ಲಿ ಉಳಿಯಿರಿ ಅನ್ನುವುದು ನನ್ನ ಸಲಹೆ. ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ, ಹುಣಸೂರು, ಕುಟ್ಟ, ಗೋಣಿಕೊಪ್ಪ ಎಲ್ಲ ಕಡೆ ಲಾಡ್ಜುಗಳಿವೆ, ಕುಟ್ಟದ ಕಡೆ ಕಾಫಿ ತೋಟದ ಹೋಂಸ್ಟೇಗಳಿವೆ. ದುಡ್ಡು ಅಲ್ಲಿಯ ಜನಕ್ಕೇ ಸೇರುತ್ತದೆ. ಬೆಳಗಿನ ಸಫಾರಿ ಎಷ್ಟು ಹೊತ್ತಿಗೆ ಅಂತ ನೋಡಿಕೊಂಡು ಬೇಗ ಹೊರಡಿ.

ರೆಸಾರ್ಟ್ ಆರಿಸುವಾಗ ಎರಡು ಪ್ರಶ್ನೆ ಕೇಳಿ: ನೋಂದಣಿ ಆಗಿದೆಯಾ? ರಾತ್ರಿ ಡಿಜೆ, ಕ್ಯಾಂಪ್‌ಫೈರ್ ಇದೆಯಾ? ಎರಡನೆಯದಕ್ಕೆ ಇದೆ ಅಂತ ಹೆಮ್ಮೆಯಿಂದ ಹೇಳಿದರೆ ಬೇರೆ ಕಡೆ ನೋಡಿ. ಕಾಡಂಚಿನಲ್ಲಿ ಸ್ಪೀಕರ್ ಹಚ್ಚಿದರೆ ಆನೆ ತನ್ನ ದಾರಿ ಬಿಟ್ಟು ಪಕ್ಕದ ಹೊಲಕ್ಕೆ ನುಗ್ಗುತ್ತದೆ. ರಾಗಿ, ಜೋಳ ಬೆಳೆದವರು ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಕಾಯಬೇಕಾಗುತ್ತದೆ.

ಊಟ ತಿಂಡಿ ಎಲ್ಲಿ?

ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಬದಿಗೆ ಸರಿದವು. ಬಿಡದಿಯ ತಟ್ಟೆ ಇಡ್ಲಿ, ಮದ್ದೂರು ವಡೆ ಬೇಕು ಅಂದರೆ ಬೇಕಂತಲೇ ಹಳೇ ರಸ್ತೆಗೆ ಇಳಿಯಬೇಕು. ಅರ್ಧ ಗಂಟೆ ಜಾಸ್ತಿ ಆಗುತ್ತದೆ, ಆಗಲಿ ಬಿಡಿ. ಮೈಸೂರಿನಲ್ಲಿ ಮೈಲಾರಿ ದೋಸೆ ಬೆಳಿಗ್ಗೆ ಬೇಗ ತಿನ್ನಿ, ಹೊತ್ತೇರಿದರೆ ಸಾಲು ಉದ್ದ.

ನಂಜನಗೂಡಿನಲ್ಲಿ ರಸಬಾಳೆ ಸಿಕ್ಕರೆ ಬಿಡಬೇಡಿ. ಸಿಪ್ಪೆ ತೆಳು, ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ, ಪರಿಮಳ ಕಾರು ತುಂಬಾ ಹರಡುತ್ತದೆ. ಪನಾಮ ರೋಗ ಬಂದು ಬೆಳೆಯುವವರು ಕಮ್ಮಿಯಾಗಿದ್ದಾರೆ, ಹಾಗಾಗಿ ರಸಬಾಳೆ ಅಂತ ಹೇಳಿ ಬೇರೆ ಹಣ್ಣು ಕೊಡುವುದೂ ಉಂಟು. ಕೇಳಿ, ಮೂಸಿ ನೋಡಿ ತೆಗೆದುಕೊಳ್ಳಿ. ಕೊಂಡ ಹಣ್ಣನ್ನು ಕಾಡಿನ ಗೇಟಿಗೆ ಮುಂಚೆಯೇ ತಿಂದು ಮುಗಿಸಿ.

ಗುಂಡ್ಲುಪೇಟೆಯಲ್ಲಿ ಮುದ್ದೆ ಊಟ, ಅನ್ನ ಸಾರು ಎಲ್ಲ ಸಿಗುತ್ತದೆ. ಕುಟ್ಟ, ಗೋಣಿಕೊಪ್ಪ ಕಡೆ ಹೋದರೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು), ನೂಪುಟ್ಟು (ಅಕ್ಕಿ ಶಾವಿಗೆ). ಮಾಂಸ ತಿನ್ನುವವರು ಪಂದಿ ಕರಿ ಜೊತೆಗೆ.

ಗೋಪಾಲಸ್ವಾಮಿ ಬೆಟ್ಟಕ್ಕೆ ಕಾರು ಬಿಡುತ್ತಾರಾ?

ಬುಡದ ತನಕ ಮಾತ್ರ. ಗುಂಡ್ಲುಪೇಟೆ ದಾಟಿ ಹಂಗಳದಲ್ಲಿ ತಿರುಗಿ, ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು. ಮೇಲೆ ಮಂಜು, ಗಾಳಿ, ವೇಣುಗೋಪಾಲಸ್ವಾಮಿಯ ಗುಡಿ. ಸಂಜೆ ಬೇಗ ಮುಚ್ಚುತ್ತಾರೆ, ಮಧ್ಯಾಹ್ನ ಎರಡರೊಳಗೆ ಬುಡದಲ್ಲಿ ಇರಿ. ಸಂಜೆ ಸಫಾರಿ ಇದ್ದ ದಿನ ಬೆಳಿಗ್ಗೆಯೇ ಬೆಟ್ಟ ಮುಗಿಸುವುದು ಒಳ್ಳೆಯದು. ಭಾನುವಾರ ಬಸ್ಸಿಗೆ ತುಂಬಾ ಕಾಯಬೇಕು.

ಸುತ್ತಮುತ್ತ ಊರುಗಳಲ್ಲಿ ಏನಿದೆ?

ಮಧ್ಯಾಹ್ನದ ಹೊತ್ತು ಕಾಡಿನಲ್ಲಿ ಕೆಲಸ ಇರುವುದಿಲ್ಲ, ಆಗ ಊರು ನೋಡಿ. ನಂಜನಗೂಡಿನಲ್ಲಿ ಕಪಿಲೆಯ ದಡದಲ್ಲಿ ಶ್ರೀಕಂಠೇಶ್ವರನ ದೊಡ್ಡ ದೇವಸ್ಥಾನ. ಈ ಕಪಿಲೆ ಅಂದರೆ ನೀವು ನೋಡಲು ಹೊರಟಿರುವ ಅದೇ ಕಬಿನಿ. ಗುಂಡ್ಲುಪೇಟೆ ಸುತ್ತ ಹೂವಿನ ಹೊಲಗಳಿಗೆ ಇಳಿಯುವ ಮುಂಚೆ ರೈತರನ್ನು ಕೇಳಿ. ಕೆಲವರು ಫೋಟೋಗೆ ಸ್ವಲ್ಪ ದುಡ್ಡು ಕೇಳುತ್ತಾರೆ, ಕೊಡಿ. ಅವರ ಬೆಳೆ ತುಳಿದು ನಿಂತು ತೆಗೆಸಿಕೊಳ್ಳುವ ಫೋಟೋ ಅದು.

ಕುಟ್ಟದಿಂದ ಸ್ವಲ್ಪ ದೂರದಲ್ಲಿ ಇರ್ಪು ಜಲಪಾತ, ಲಕ್ಷ್ಮಣತೀರ್ಥ ನದಿಯದ್ದು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಜಿಗಣೆ ಇರುತ್ತವೆ. ಹುಣಸೂರಿನಿಂದ ಮುಂದೆ ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ, 1960ರ ದಶಕದ ಶುರುವಿನಲ್ಲಿ ಟಿಬೆಟ್‌ನಿಂದ ಬಂದವರು ನೆಲೆಸಿದ ಊರು. ವಾಪಸ್ ಬರುವಾಗ ಭಾನುವಾರ ಮೈಸೂರಿನಲ್ಲಿ ಇದ್ದರೆ ಸಂಜೆ 7ಕ್ಕೆ ಅರಮನೆಯ ದೀಪ ನೋಡಬಹುದು. ಮೃಗಾಲಯ ಮಂಗಳವಾರ ರಜೆ.

ಕಾಡಿನ ಜನರ ಹಾಡಿಗಳಿಗೆ ಹೋಗಬಹುದಾ?

ಯಾರಾದರೂ ಕರೆದರೆ ಹೋಗಿ. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಬೇಡಿ. ಜೇನು ಕುರುಬ, ಬೆಟ್ಟ ಕುರುಬ, ಯರವ, ಸೋಲಿಗರು ಈ ಕಾಡುಗಳಲ್ಲಿ ಬಾಳಿದ ಜನ. ಅಣೆಕಟ್ಟು ಬಂದಾಗ, ರಾಷ್ಟ್ರೀಯ ಉದ್ಯಾನ ಅಂತ ಆದಾಗ ಎಷ್ಟೋ ಮನೆಗಳು ಕಾಡು ಬಿಟ್ಟು ಹೊರಗೆ ಬರಬೇಕಾಯಿತು. ತಮ್ಮ ಹಕ್ಕುಗಳಿಗಾಗಿ ಅವರ ಹೋರಾಟ ಇವತ್ತಿಗೂ ನಡೆದಿದೆ. ನೀವು ಕೂತ ಜೀಪಿನ ಡ್ರೈವರ್, ಬೆಂಕಿ ಕಾಯುವ ವಾಚರ್, ಆನೆಯ ಮಾವುತ ಹೆಚ್ಚಾಗಿ ಈ ಮನೆಗಳವರೇ. ಹೆಜ್ಜೆ ಗುರುತು ನೋಡಿ ಪ್ರಾಣಿ ಯಾವಾಗ ಹೋಯಿತು ಅಂತ ಹೇಳುವವರು ಅವರು. ಅವರ ಜೊತೆ ಮಾತಾಡಿ, ಹೆಸರು ಕೇಳಿ, ಟಿಪ್ಸ್ ಧಾರಾಳವಾಗಿ ಕೊಡಿ. ಕ್ಯಾಮೆರಾ ಹಿಡಿದು ಮಕ್ಕಳ ಮುಂದೆ ಚಾಕೊಲೇಟ್ ಹಂಚುವುದು ಬೇಡ.

ಚಿಕ್ಕ ಮಕ್ಕಳು, ವಯಸ್ಸಾದವರು ಬಂದರೆ?

ಬಸ್ ಸಫಾರಿ ಮಾಡಿಸಿ, ಕುಲುಕು ಕಮ್ಮಿ. ಒಳಗೆ ಹೋದ ಮೇಲೆ ಇಳಿಯುವ ಹಾಗಿಲ್ಲ, ಶೌಚಾಲಯಕ್ಕೆ ಮೊದಲೇ ಹೋಗಿ ಬನ್ನಿ. ಧೂಳಿಗೆ ಒಂದು ಬಟ್ಟೆ, ಕುಡಿಯುವ ನೀರು ಇರಲಿ. ಕಂಕುಳ ಮಗುವನ್ನು ಬೆಳಗಿನ ಜೀಪಿಗೆ ಕರೆದೊಯ್ಯಬೇಡಿ, ಚಳಿಗೆ ಅತ್ತರೆ ಮಗುವಿಗೂ ಕಷ್ಟ, ಉಳಿದವರಿಗೂ ಕಷ್ಟ. ಬಣ್ಣ ಮಿರಿಮಿರಿ ಹೊಳೆಯದ ಬಟ್ಟೆ, ಸೆಂಟ್ ಹಾಕದ ಮೈ. ಅಷ್ಟು ಸಾಕು.

ಪೆಟ್ರೋಲ್, ಚಾರ್ಜಿಂಗ್, ನೆಟ್‌ವರ್ಕ್?

ಪೆಟ್ರೋಲನ್ನು ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಅಥವಾ ಹುಣಸೂರಿನಲ್ಲಿ ತುಂಬಿಸಿ. ಎಲೆಕ್ಟ್ರಿಕ್ ಕಾರಿನವರು ಮೈಸೂರಿನಲ್ಲಿ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಮೈಸೂರಿನಿಂದ ಬಂಡೀಪುರಕ್ಕೆ ಹೋಗಿ ಬಂದರೆ 160 ಕಿ.ಮೀ., ಊರು ಸುತ್ತಾಟ ಬೇರೆ. ಕಾಡಿನೊಳಗೆ ನೆಟ್‌ವರ್ಕ್ ನಂಬಬೇಡಿ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಟಿಕೆಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಸ್ಟೆಪ್ನಿಗೆ ಗಾಳಿ ಇದೆಯಾ ಅಂತ ಮನೆಯಲ್ಲೇ ನೋಡಿ.

ಬೈಕಲ್ಲಿ ಹೋಗಬಹುದಾ?

ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕಾಡಿನ ರಸ್ತೆಯಲ್ಲಿ ಒಂಟಿಯಾಗಿ ಹೋಗಬೇಡಿ, ಕಾರು ಬಸ್ಸುಗಳ ಜೊತೆಗೇ ಸಾಗಿ. ಕುಟ್ಟಕ್ಕೆ ಹೋಗುವವರು ನಾಗರಹೊಳೆಯ ಒಳದಾರಿ ಬಿಟ್ಟು ಗೋಣಿಕೊಪ್ಪ ಮೇಲೆ ಹೋಗಿ.

ಹಾಗೇ ಊಟಿಗೆ ಮುಂದುವರಿಯಬಹುದಾ?

ಬಂಡೀಪುರ ದಾಟಿದ ಕೂಡಲೇ ತಮಿಳುನಾಡಿನ ಮುದುಮಲೈ. ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಶುರುವಾಯಿತು, ಮನೆಯಲ್ಲೇ ಆನ್‌ಲೈನ್ ಮಾಡಿಸಿಕೊಂಡು ಹೊರಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ಇದ್ದರೆ ಗಡಿಯ ಚೆಕ್‌ಪೋಸ್ಟ್‌ನಲ್ಲಿ ತೆಗೆಸುತ್ತಾರೆ, ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಮಸಿನಗುಡಿಯಿಂದ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಘಾಟಿ ಓಡಿಸಿ ರೂಢಿ ಇಲ್ಲದಿದ್ದರೆ ಗೂಡಲೂರು ಮೇಲೆ ಹೋಗಿ.

ಇದು ಬಿಟ್ಟು ಕರ್ನಾಟಕದಲ್ಲಿ ಬೇರೆ ರಾಷ್ಟ್ರೀಯ ಉದ್ಯಾನಗಳು?

ಒಟ್ಟು ಐದು. ಉಳಿದ ಮೂರು ಬನ್ನೇರುಘಟ್ಟ, ಅಣಶಿ, ಕುದುರೆಮುಖ. ಬನ್ನೇರುಘಟ್ಟ ಬೆಂಗಳೂರಿನ ಬಗಲಲ್ಲೇ ಇದೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಣಶಿಯನ್ನು ದಾಂಡೇಲಿ ವನ್ಯಧಾಮದ ಜೊತೆ ಸೇರಿಸಿ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅನ್ನುತ್ತಾರೆ. ದಾಂಡೇಲಿ, ಜೋಯಿಡಾ, ಗಣೇಶಗುಡಿಯಲ್ಲಿ ಉಳಿಯಬಹುದು. ಹುಲಿ ಕಾಣುವುದು ಅಪರೂಪ, ಮಂಗಟ್ಟೆ ಹಕ್ಕಿಗಳು ಮಾತ್ರ ಮನಸ್ಸು ತುಂಬಾ ಸಿಗುತ್ತವೆ.

ಕುದುರೆಮುಖದಲ್ಲಿ ಸಫಾರಿ ಇಲ್ಲ. ಅಲ್ಲಿ ರಸ್ತೆಯೇ ಪ್ರವಾಸ. ಶೋಲಾ ಕಾಡು, ಹುಲ್ಲಿನ ಗುಡ್ಡ, 2005ರ ಕೊನೆಗೆ ಗಣಿ ನಿಂತ ಮೇಲೆ ಖಾಲಿಯಾದ ಟೌನ್‌ಶಿಪ್. ಕಳಸ, ಹೊರನಾಡು, ಶೃಂಗೇರಿ, ಕಾರ್ಕಳ ಸೇರಿಸಿ ಮೂರು ದಿನದ ಸುತ್ತು ಮಾಡಬಹುದು. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಇಲ್ಲಿ ಒಂದು ಗೇಟ್‌ನಲ್ಲಿ ಗಾಡಿ ಒಳಗೆ ಬಂದ ಹೊತ್ತು ಬರೆದು ಚೀಟಿ ಕೊಡುತ್ತಾರೆ, ಇನ್ನೊಂದು ಗೇಟ್‌ನಲ್ಲಿ ಅದನ್ನು ನೋಡುತ್ತಾರೆ. ನಡುವೆ ಎಲ್ಲೋ ನಿಂತು ಊಟ ಮಾಡಿ ತಡವಾಗಿ ಬಂದರೆ ದಂಡ ಕಟ್ಟಬೇಕು, ಬುತ್ತಿಯನ್ನು ಕಳಸದಲ್ಲೋ ಕಾರ್ಕಳದಲ್ಲೋ ಬಿಚ್ಚಿ.